ಶಿರಸಿಯಲ್ಲಿ ಬಿ.ಕಾಂ. ಆಯ್ತು, ಧಾರವಾಡದ ಕೌಸಾಳಿಯಲ್ಲಿ ಎಂಬಿಎ ಹೇಗೆ? ಅದರ ಹಿನ್ನೆಲೆ ಏನು?

ಕೌಸಾಳಿ ಅಂದರೆ ಕರ್ನಾಟಕ ವಿಶ್ವವಿದ್ಯಾಲಯದ್ದೇ ಮ್ಯಾನೇಜ್‌ಮೆಂಟ್ ಸಂಸ್ಥೆ. ಈ ವಿ.ವಿ. 1949ರಲ್ಲಿ ಶುರುವಾಗಿದ್ದು ಮುಂಬೈಯಲ್ಲಿ, ಮರುವರ್ಷ ಧಾರವಾಡಕ್ಕೆ ಬಂತು. ಆಗ ನಮ್ಮ ಉತ್ತರ ಕನ್ನಡ ಜಿಲ್ಲೆಯೂ ಧಾರವಾಡವೂ ಮುಂಬೈ ಪ್ರಾಂತ್ಯದಲ್ಲೇ ಇದ್ದವಲ್ವಾ, ಹಾಗಾಗಿ ಕಾರವಾರ, ಶಿರಸಿ ಕಡೆಯ ಹುಡುಗರಿಗೆ ಧಾರವಾಡದ ದಾರಿ ಹಳೆಯದು.

ಎಂಬಿಎ ಎರಡು ವರ್ಷ, ನಾಲ್ಕು ಸೆಮಿಸ್ಟರ್. ಮೊದಲ ವರ್ಷ ಎಲ್ಲರಿಗೂ ಹೆಚ್ಚುಕಮ್ಮಿ ಒಂದೇ ಪಾಠ. ಆಮೇಲೆ ಫೈನಾನ್ಸ್, ಮಾರ್ಕೆಟಿಂಗ್, ಎಚ್ಆರ್ ಅಂತ ಕವಲು. ಸರ್ಕಾರಿ ಕೋಟಾದ ಸೀಟಿಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಪಿಜಿಸಿಇಟಿ ಅನ್ನೋ ಪ್ರವೇಶ ಪರೀಕ್ಷೆ ಬರೆಯಬೇಕು. ಬಿ.ಕಾಂ. ಆಗಿರಲೇಬೇಕು ಅಂತೇನಿಲ್ಲ, ಬಿ.ಎ., ಬಿ.ಎಸ್ಸಿ. ಆದವರೂ ಬರ್ತಾರೆ.

ಪ್ರಾಜೆಕ್ಟಿಗೆ ಸುಮ್ನೆ ಬೆಂಗಳೂರಿಗೆ ಓಡಬೇಡಿ. 1923ರಿಂದ ಇರುವ ಟಿಎಸ್‌ಎಸ್, ಅಂದರೆ ಅಡಿಕೆ ಬೆಳೆಗಾರರ ಸಹಕಾರಿ ಮಾರಾಟ ಸಂಘ, ನಿಮ್ಮ ಶಿರಸಿಯಲ್ಲೇ ಇದೆ. ಬೆಳೆಗಾರ ತಂದ ಚಾಲಿ, ರಾಶಿ, ಬೆಟ್ಟೆ ಅನ್ನೋ ಅಡಿಕೆ ಬಗೆಗಳನ್ನು ಬೇರೆ ಬೇರೆ ಗುಡ್ಡೆ ಹಾಕ್ತಾರೆ. ವ್ಯಾಪಾರಿ ಕೈಯಲ್ಲಿ ಹಿಡಿದು, ಒಡೆದು ನೋಡಿ ಟೆಂಡರಿನಲ್ಲಿ ದರ ಬರೀತಾನೆ. ಸಹಕಾರಿ ಮಾರಾಟ, ಸಾಲ, ದರದ ಏರಿಳಿತ ಎಲ್ಲ ಅಲ್ಲೇ ಸಿಗುತ್ತೆ. ನನ್ನ ಪ್ರಕಾರ ಮಾರ್ಕೆಟಿಂಗ್ ಓದುವವರಿಗೆ ಅದಕ್ಕಿಂತ ಒಳ್ಳೆ ಜಾಗ ಜಿಲ್ಲೆಯಲ್ಲಿ ಇಲ್ಲ.

ಫೀಸು, ಹಾಸ್ಟೆಲ್ ವಿಷಯ ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿ.