ಗ್ಯಾಲಕ್ಸಿ ದುಡಿಯುತ್ತದೆ, ಉಳಿಸುತ್ತದಾ?

ಪ್ರಶ್ನೆ: ಮಗಳು ವರ್ಲಿಯ ನೆಹರೂ ತಾರಾಲಯ ನೋಡಿಕೊಂಡು ಬಂದಳು. ನಮ್ಮ ರಕ್ತದಲ್ಲಿರುವ ಕಬ್ಬಿಣ ನಕ್ಷತ್ರಗಳಲ್ಲಿ ಆದದ್ದು ಅಂತಾಳೆ. ಹಾಗಿದ್ದರೆ ಗ್ಯಾಲಕ್ಸಿಗೆ ವಯಸ್ಸಾದಷ್ಟೂ ಅದರ ಅನಿಲದಲ್ಲಿ ಕಬ್ಬಿಣ, ಆಮ್ಲಜನಕ ಜಾಸ್ತಿ ಆಗುತ್ತಲೇ ಹೋಗಬೇಕಲ್ವಾ? ಅಷ್ಟು ದೂರದಿಂದ ಅಳೆಯುವುದಾದರೂ ಹೇಗೆ?
– ಡೊಂಬಿವಲಿಯ ಓದುಗರೊಬ್ಬರು

ಉತ್ತರ: ಮಗಳು ಹೇಳಿದ್ದು ಪೂರ್ತಿ ಸರಿ, ನೀವು ಹೇಳಿದ್ದು ಅರ್ಧ ಸರಿ. ಬೇಜಾರು ಮಾಡ್ಕೋಬೇಡಿ.

ಸುಮಾರು 1380 ಕೋಟಿ ವರ್ಷಗಳ ಹಿಂದೆ ವಿಶ್ವ ಶುರುವಾದಾಗ ತೂಕದಲ್ಲಿ ಮುಕ್ಕಾಲು ಪಾಲು ಹೈಡ್ರೋಜನ್, ಕಾಲು ಪಾಲು ಹೀಲಿಯಂ, ಚೂರೇ ಚೂರು ಲಿಥಿಯಂ. ಅಷ್ಟೇ. ಉಳಿದ ಧಾತುಗಳಲ್ಲಿ ಬಹುಪಾಲು ನಕ್ಷತ್ರಗಳ ಸಂಪಾದನೆ. ಇದನ್ನು 1957ರಲ್ಲಿ ಬರ್ಬಿಜ್ ದಂಪತಿ, ಫೌಲರ್ ಮತ್ತು ಹಾಯ್ಲ್ ವಿವರವಾಗಿ ಬರೆದರು. ಆ ಹಾಯ್ಲ್ ಅವರ ಶಿಷ್ಯರೇ ನಮ್ಮ ಪುಣೆಯಲ್ಲಿ ಅಯುಕಾ ಎಂಬ ಖಗೋಳ ಸಂಶೋಧನಾ ಕೇಂದ್ರ ಕಟ್ಟಿದ ಜಯಂತ ನಾರ್ಳೀಕರ್. ವಿಶ್ವ ಮಹಾಸ್ಫೋಟದಿಂದ ಶುರುವಾಯಿತು ಅನ್ನುವುದನ್ನು ಗುರುಗಳು ಕೊನೆಯವರೆಗೂ ಒಪ್ಪಲಿಲ್ಲ, ಅದು ಬೇರೆ ಮಾತು.

ಎಲ್ಲ ಧಾತುಗಳೂ ಒಟ್ಟಿಗೆ ಬರುವುದಿಲ್ಲ. ಭಾರೀ ನಕ್ಷತ್ರಗಳು ಕೆಲವು ಕೋಟಿ ವರ್ಷದೊಳಗೇ ಸಿಡಿದು ಹೋಗುತ್ತವೆ. ಆಮ್ಲಜನಕ ಹೆಚ್ಚಾಗಿ ಅವುಗಳದ್ದು. ಕಬ್ಬಿಣದ ದೊಡ್ಡ ಪಾಲು ಬರುವುದು ಜೋಡಿಯಲ್ಲಿರುವ ಶ್ವೇತಕುಬ್ಜಗಳು, ಅಂದರೆ ಉರಿದು ಮುಗಿದ ನಕ್ಷತ್ರಗಳ ಪುಟ್ಟ ಗಟ್ಟಿ ತಿರುಳುಗಳು, ಸಿಡಿದಾಗ. ಅದಕ್ಕೆ ನೂರು ಕೋಟಿ ವರ್ಷ ದಾಟಿದರೂ ಆಶ್ಚರ್ಯವಿಲ್ಲ.

ಇನ್ನು ಅಳತೆ. ನಾನು ಮೂವತ್ತು ವರ್ಷ ಕೆಮಿಸ್ಟ್ರಿ ಹೇಳಿಕೊಟ್ಟವಳು, ಹಾಗಾಗಿ ಅಡುಗೆಮನೆಗೇ ಕರೆಯುತ್ತೇನೆ. ಉಪ್ಪು ಹಾಕಿದ ನೀರು ಉಕ್ಕಿ ಗ್ಯಾಸಿನ ಮೇಲೆ ಚೆಲ್ಲಿದಾಗ ನೀಲಿ ಉರಿ ತಟ್ಟನೆ ಹಳದಿಯಾಗುತ್ತದೆ. ಅದು ಉಪ್ಪಿನಲ್ಲಿರುವ ಸೋಡಿಯಂ ಬಣ್ಣ. ಹೀಗೆ ಪ್ರತಿ ಧಾತುವಿಗೂ ತನ್ನದೇ ಬಣ್ಣದ ಗೆರೆಗಳಿವೆ. ಹೊಸ ನಕ್ಷತ್ರಗಳ ಸುತ್ತ ಕಾದ ಅನಿಲದಲ್ಲಿ ಆಮ್ಲಜನಕ ಹಸಿರು ಗೆರೆ ಕೊಡುತ್ತದೆ, ಅಲೆಯುದ್ದ 500.7 ನ್ಯಾನೋಮೀಟರ್. ಗೆರೆಗಳು ಎಷ್ಟೆಷ್ಟು ಗಾಢ ಎಂದು ಹೋಲಿಸಿ, ಹೈಡ್ರೋಜನ್‌ಗೆ ಎಷ್ಟು ಆಮ್ಲಜನಕ ಅಂತ ಲೆಕ್ಕ ಹಾಕುತ್ತಾರೆ. ಬೆಳಕೇ ಇಲ್ಲದ ತಣ್ಣನೆ ಅನಿಲ ಆದರೆ? ಅದರ ಹಿಂದೆ ದೂರದಲ್ಲಿ ಒಂದು ಕ್ವೇಸಾರ್, ಅಂದರೆ ತುಂಬಾ ಪ್ರಖರವಾಗಿ ಬೆಳಗುವ ಗ್ಯಾಲಕ್ಸಿಯ ನಡುಭಾಗ, ಇದ್ದರೆ ಸಾಕು. ಕ್ವೇಸಾರ್ ಬೆಳಕು ಈ ಅನಿಲ ದಾಟಿ ಬರುವಾಗ ಕೆಲವು ಬಣ್ಣಗಳನ್ನು ಅನಿಲ ನುಂಗಿಕೊಳ್ಳುತ್ತದೆ. ಯಾವುದು ಕಾಣೆಯಾಯಿತು ಅಂತ ನೋಡಿದರೆ ಒಳಗೆ ಏನಿತ್ತು ಅಂತ ಗೊತ್ತಾಗುತ್ತದೆ. ದೂರದ ಬೆಳಕು ಬಂದು ಮುಟ್ಟಲು ಕಾಲ ಬೇಕು, ಹಾಗಾಗಿ ದೂರ ನೋಡುವುದೆಂದರೆ ಹಿಂದಿನ ಕಾಲ ನೋಡಿದ ಹಾಗೆ. ಹಾಗೆ ನೋಡಿದಾಗ, ಹಿಂದಿನ ಕಾಲಕ್ಕೆ ಹೋದಷ್ಟೂ ಭಾರದ ಧಾತು ಕಡಿಮೆ. ನಿಮ್ಮ ಮಾತು ಸರಿಯಾಗಿರುವುದು ಇಲ್ಲಿ.

ತಪ್ಪುವುದು ಎಲ್ಲಿ ಅಂದರೆ, ವಯಸ್ಸೊಂದೇ ಸಾಲದು. 2004ರಲ್ಲಿ ಸುಮಾರು 53,000 ಗ್ಯಾಲಕ್ಸಿಗಳನ್ನು ಹೋಲಿಸಿ ನೋಡಿದರು. ಗ್ಯಾಲಕ್ಸಿ ದೊಡ್ಡದಾದಷ್ಟೂ ಅನಿಲದಲ್ಲಿ ಆಮ್ಲಜನಕ ಜಾಸ್ತಿ. ಸಣ್ಣವು ದುಡಿಯುತ್ತವೆ, ಆದರೆ ದುಡಿದದ್ದು ಕೈಯಲ್ಲಿ ನಿಲ್ಲುವುದಿಲ್ಲ. ಗುರುತ್ವ ಕಮ್ಮಿ. ನಕ್ಷತ್ರಗಳು ಸಿಡಿದ ರಭಸಕ್ಕೆ ಅನಿಲ ಆಚೆಗೆ ಹಾರಿಹೋಗುತ್ತದೆ. ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿ ಎಂ82 ಅಂತ ಒಂದು ಗ್ಯಾಲಕ್ಸಿ ಇದೆ. ಅದರ ನಡುವಿನಿಂದ ಮೇಲಕ್ಕೂ ಕೆಳಕ್ಕೂ ಚಿಮ್ಮುವ ಅನಿಲ ಚಿತ್ರಗಳಲ್ಲಿ ಕೆಂಪಗೆ ಕಾಣುತ್ತದೆ. ಅದೇ ದಿಕ್ಕಿನಲ್ಲಿ, ಇನ್ನೂ ದೂರದಲ್ಲಿ, ಐ ಜ್ವಿಕಿ 18 ಎಂಬ ಪುಟಾಣಿ. ಅಲ್ಲಿ ನೂರು ಕೋಟಿ ವರ್ಷ ದಾಟಿದ ನಕ್ಷತ್ರಗಳಿವೆ. ಆದರೂ ಅನಿಲದಲ್ಲಿರುವ ಆಮ್ಲಜನಕ ಸೂರ್ಯನಲ್ಲಿರುವುದರ ಮೂವತ್ತನೇ ಒಂದು ಪಾಲಿನ ಆಸುಪಾಸು ಅಷ್ಟೇ!

ಹೊರಗಿನಿಂದ ಹೊಸ ಹೈಡ್ರೋಜನ್ ಬಂದು ಸೇರಿದರೂ ಇದ್ದದ್ದು ತೆಳುವಾಗುತ್ತದೆ. ಹೈಡ್ರೋಜನ್ ಎಷ್ಟಿದೆ ಅಂತ ನೋಡುವ ಕೆಲಸವನ್ನು ನಮ್ಮ ನಾರಾಯಣಗಾಂವ್ ಹತ್ತಿರದ ಖೋಡದ್‌ನ 30 ರೇಡಿಯೋ ಡಿಶ್‌ಗಳೂ ಮಾಡುತ್ತವೆ.

ಹಾರಿಹೋದದ್ದು ಹಾಳಾಗುವುದಿಲ್ಲ. ದೊಡ್ಡ ಗ್ಯಾಲಕ್ಸಿ ಗುಂಪುಗಳೊಳಗೆ, ಗ್ಯಾಲಕ್ಸಿಗಳ ನಡುವಿನ ಜಾಗದಲ್ಲಿ, ಕೋಟಿಗಟ್ಟಲೆ ಡಿಗ್ರಿ ಕಾದ ಅನಿಲವಿದೆ. ಅದರಲ್ಲೂ ಕಬ್ಬಿಣ ಸಿಕ್ಕಿದೆ, ಸೂರ್ಯನಲ್ಲಿರುವುದರ ಮೂರನೇ ಒಂದು ಪಾಲಿನಷ್ಟು.

ಪ್ರಶ್ನೆ: ಚಿನ್ನವೂ ಹೀಗೇನಾ ಮೇಡಂ?
– ವಾಸ್ಕೊದಿಂದ ಒಬ್ಬರು

ಉತ್ತರ: ಅದಕ್ಕೆ ಬೇರೆ ದಾರಿ. 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳು (ಭಾರೀ ನಕ್ಷತ್ರ ಸಿಡಿದ ಮೇಲೆ ಉಳಿಯುವ ಅತಿ ದಟ್ಟ ತಿರುಳುಗಳು) ಡಿಕ್ಕಿ ಹೊಡೆದದ್ದು ಭೂಮಿಯಲ್ಲಿ ದಾಖಲಾಯಿತು. ಅಂಥ ಡಿಕ್ಕಿಯಲ್ಲಿ ಚಿನ್ನದಂಥ ಧಾತುಗಳು ಹುಟ್ಟುತ್ತವೆ. ಆ ಬೆಳಕಿನಲ್ಲಿ ಮೊದಲು ಗುರುತು ಸಿಕ್ಕಿದ್ದು ಮಾತ್ರ ಚಿನ್ನದ್ದಲ್ಲ, ಸ್ಟ್ರಾನ್ಷಿಯಂನದ್ದು. ದೀಪಾವಳಿ ಪಟಾಕಿಗೆ ಕೆಂಪು ಬಣ್ಣ ಕೊಡುತ್ತದಲ್ಲ, ಅದೇ.