ಕಾನೂನು ಕೇಳಿ: ನಲವತ್ತು ಇಲ್ಲದಿದ್ದರೆ ಸ್ಕ್ರೈಬ್ ಇಲ್ಲವೇ?

ಪ್ರಶ್ನೆ: ಮಗಳಿಗೆ ಪೆನ್ನು ಹಿಡಿದರೆ ಬೆರಳು ಸೆಟೆದುಕೊಳ್ಳುತ್ತವೆ, ಎರಡು ಪುಟ ದಾಟುವಷ್ಟರಲ್ಲಿ ಹೆಬ್ಬೆರಳು ಒಳಕ್ಕೆ ಮಡಚಿಕೊಳ್ಳುತ್ತದೆ. ಬಿಳಿ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇದೆ, ಅದರಲ್ಲಿ ಅಂಗವೈಕಲ್ಯ ಶೇ 25. ನೇಮಕಾತಿಯ ಲಿಖಿತ ಪರೀಕ್ಷೆಗೆ ಸ್ಕ್ರೈಬ್ (ಅವಳು ಹೇಳಿದ್ದನ್ನು ಬರೆದುಕೊಡುವವರು) ಕೇಳಿದರೆ "ನಲವತ್ತು ಇಲ್ವಲ್ಲಮ್ಮ" ಎಂದು ಫೋನಿನಲ್ಲೇ ಕಳಿಸಿಬಿಟ್ಟರು. ಏನು ಮಾಡೋಣ ಸರ್?
– ಒಬ್ಬ ತಾಯಿ, ಹಾವೇರಿ ಜಿಲ್ಲೆ

ಉತ್ತರ: ಫೋನಿನಲ್ಲಿ ಹೇಳಿದ್ದನ್ನು ಬಿಡಿ ತಾಯಿ, ಅದು ಆದೇಶವಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಶೇ 40ರ ಗೆರೆ ಇರುವುದು ಮುಖ್ಯವಾಗಿ ಮೀಸಲಾತಿಗೆ. ಸ್ಕ್ರೈಬ್ ಮೀಸಲಾತಿಯಲ್ಲ. ಈ ಎರಡನ್ನೂ ಕಲಸುವ ಚಾಳಿ ಕಚೇರಿಗಳಿಂದ ಇನ್ನೂ ಹೋಗಿಲ್ಲ.

ನಿಮ್ಮ ಮಗಳಂಥದ್ದೇ ತೊಂದರೆ ಇದ್ದ ಎಂಬಿಬಿಎಸ್ ಪದವೀಧರರೊಬ್ಬರಿಗೆ 2018ರ ನಾಗರಿಕ ಸೇವಾ ಪರೀಕ್ಷೆಯಲ್ಲಿ ಯುಪಿಎಸ್‌ಸಿ ಸ್ಕ್ರೈಬ್ ನಿರಾಕರಿಸಿತ್ತು. ವೈದ್ಯಕೀಯ ಮಂಡಳಿ ಅವರಿಗೆ ಕೊಟ್ಟದ್ದು ಬರೀ ಶೇ 6! ಅದೇ ವಿಕಾಸ್ ಕುಮಾರ್ ಪ್ರಕರಣ. 2021ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಅವರ ಪರ ತೀರ್ಪಿತ್ತಿತು. ಬರೆಯಲು ನಿಜಕ್ಕೂ ಕಷ್ಟವಿದೆಯೇ ಎಂಬುದಷ್ಟೇ ನೋಡಬೇಕು, ಶೇಕಡಾವಾರು ಅಲ್ಲ. ಯಾರೋ ದುರುಪಯೋಗ ಮಾಡಿಕೊಂಡಾರು ಎಂಬ ಅನುಮಾನಕ್ಕೆ ಅರ್ಹರನ್ನು ತಡೆಯುವುದನ್ನೂ ಕೋರ್ಟ್ ಒಪ್ಪಲಿಲ್ಲ. ಇದಾದ ಮೇಲೆಯೇ 2022ರ ಆಗಸ್ಟ್‌ನಲ್ಲಿ ಶೇ 40ಕ್ಕಿಂತ ಕಡಿಮೆ ಇರುವವರಿಗಾಗಿ ಕೇಂದ್ರ ಸರ್ಕಾರ ಪ್ರತ್ಯೇಕ ಮಾರ್ಗಸೂಚಿ ತಂದಿತು. 2025ರ ಫೆಬ್ರುವರಿಯಲ್ಲಿ, ಗುಲ್ಶನ್ ಕುಮಾರ್ ಪ್ರಕರಣದಲ್ಲಿ, ಕೋರ್ಟ್ ಇದನ್ನೇ ಮತ್ತೆ ಹೇಳಬೇಕಾಯಿತು.

ಈಗ ಮಾಡಬೇಕಾದ್ದು: ಬರೀ ಕಾರ್ಡ್ ಸಾಲದು. "ಬರೆಯಲು ತೊಂದರೆಯಿದೆ, ಸ್ಕ್ರೈಬ್ ಅಗತ್ಯ" ಎಂದು ಈಗ ಜಾರಿಯಲ್ಲಿರುವ ಕೇಂದ್ರದ ಮಾರ್ಗಸೂಚಿಯ ನಮೂನೆಯಲ್ಲೇ ಸರ್ಕಾರಿ ಆಸ್ಪತ್ರೆಯಿಂದ ಪ್ರಮಾಣಪತ್ರ ಮಾಡಿಸಿ. ಅದನ್ನು ಲಗತ್ತಿಸಿ, ವಿಕಾಸ್ ಕುಮಾರ್ ತೀರ್ಪಿನ ಹೆಸರು, ದಿನಾಂಕ ಬರೆದು, ಸ್ಕ್ರೈಬ್ ಜೊತೆಗೆ ಗಂಟೆಗೆ 20 ನಿಮಿಷದ ಹೆಚ್ಚುವರಿ ಸಮಯವನ್ನೂ ಕೇಳಿ. ಮನವಿ ಈಗಲೇ ಹೋಗಲಿ, ಸ್ಪೀಡ್ ಪೋಸ್ಟ್‌ನಲ್ಲಿ ಮತ್ತು ಇಮೇಲ್‌ನಲ್ಲಿ. ಪರೀಕ್ಷೆಯ ಬೆಳಿಗ್ಗೆ ಕೇಂದ್ರದ ಬಾಗಿಲಲ್ಲಿ ನಿಂತು ವಾದಿಸಿ ಗೆದ್ದವರನ್ನು ನಾನಂತೂ ಕಂಡಿಲ್ಲ.

ಲಿಖಿತವಾಗಿ ನಿರಾಕರಿಸಿದರೆ, ಅಥವಾ ಸುಮ್ಮನೆ ಕುಳಿತರೆ, ಬೆಂಗಳೂರಿನಲ್ಲಿ ಈ ಕಾಯ್ದೆಯಡಿ ಇರುವ ರಾಜ್ಯ ಆಯುಕ್ತರಿಗೆ ದೂರು ಕೊಡಿ. ಪರೀಕ್ಷೆ ತೀರಾ ಹತ್ತಿರವಿದ್ದರೆ ಅಲ್ಲಿ ಕಾಯುತ್ತ ಕೂರದೆ ಹೈಕೋರ್ಟಿನ ಧಾರವಾಡ ಪೀಠದಲ್ಲಿ ರಿಟ್ ಹಾಕಿ ಮಧ್ಯಂತರ ಆದೇಶ ಕೇಳಬಹುದು. ವಕೀಲರ ಫೀಸು ಭಾರವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆ ಎಂಬ ಕಾರಣಕ್ಕೇ ನಿಮ್ಮ ಮಗಳಿಗೆ ಅಲ್ಲಿ ಉಚಿತ ನೆರವು ಸಿಗುತ್ತದೆ, ಆದಾಯ ಕೇಳುವಂತಿಲ್ಲ.