ಹೀರೋಸ್ ಮುಂದೆ ನೋಡಬೇಕೇ? ಕ್ಯಾಬಿನಲ್ಲಿ ಬರೆದ ಹಳೆಯ ಪಟ್ಟಿಯ ಸಮೇತ ಉತ್ತರ

ಮೇಡಂ, ನಿಮ್ಮ ಪ್ರಶ್ನೆಯನ್ನು ಗುರುವಾರವೇ ನೋಡಿದೆ. ಉತ್ತರ ಉದ್ದವಾಗುತ್ತದೆ ಎಂದು ಗೊತ್ತಿದ್ದರಿಂದ ಭಾನುವಾರದವರೆಗೆ ಕಾದೆ. ಸಾಮಾನ್ಯ ಜನರಿಗೆ ಅತಿಮಾನುಷ ಶಕ್ತಿಗಳು ಬರುವ ಅಮೆರಿಕದ ಧಾರಾವಾಹಿ ‘ಹೀರೋಸ್’ನ ಮೊದಲ ಸೀಸನ್ನನ್ನು ಮಗನ ಜೊತೆ ಕೂತು ಒಂದೇ ಉಸಿರಿಗೆ ಮುಗಿಸಿದಿರಿ, ಎರಡನೆಯದರ ಐದನೇ ಕಂತಿಗೆ ಬರುವಷ್ಟರಲ್ಲಿ ಇಬ್ಬರೂ ಆಕಳಿಸುತ್ತಿದ್ದೀರಿ. ಮುಂದೆ ಬರಹಗಾರರು ಬದಲಾದರಂತಲ್ಲ, ಆಗ ಸರಿಹೋಗುತ್ತದೆಯೇ ಎಂಬುದು ನಿಮ್ಮ ಪ್ರಶ್ನೆ. ಅರ್ಧ ಸರಿಹೋಗುತ್ತದೆ. ಉಳಿದರ್ಧವನ್ನು ಸಹಿಸಿಕೊಳ್ಳುವ ಅಗತ್ಯವಿಲ್ಲ, ದಾಟಿಸಿಕೊಂಡು ಹೋಗಬಹುದು. ಹೇಗೆ ಎಂಬುದನ್ನು ಕೆಳಗೆ ಬರೆದಿದ್ದೇನೆ.

ಮೊದಲು ಒಂದು ಹಳೆಯ ಕಥೆ. 2008ರಲ್ಲಿ ನಾನು ಎಲೆಕ್ಟ್ರಾನಿಕ್ ಸಿಟಿಯಲ್ಲಿ ರಾತ್ರಿ ಪಾಳಿಯಲ್ಲಿದ್ದೆ. ಬೆಳಗಿನ ಜಾವ ಮನೆಗೆ ಬಿಡುವ ಕ್ಯಾಬಿನಲ್ಲಿ ನಾವು ನಾಲ್ವರೂ ಈ ಧಾರಾವಾಹಿಯ ಹುಚ್ಚು ಹಿಡಿಸಿಕೊಂಡವರು. ಮೂರನೇ ಸೀಸನ್ ನಡೆಯುತ್ತಿತ್ತು, ದಿನದಿನಕ್ಕೆ ಹದಗೆಡುತ್ತಿತ್ತು. ಆ ನವೆಂಬರಿನಲ್ಲಿ ಸುದ್ದಿ ಬಂತು: ನಿರ್ಮಾಪಕ-ಬರಹಗಾರರಾದ ಜೆಸ್ಸಿ ಅಲೆಕ್ಸಾಂಡರ್ ಮತ್ತು ಜೆಫ್ ಲೋಬ್ ಇಬ್ಬರನ್ನೂ ಅದನ್ನು ಪ್ರಸಾರ ಮಾಡುತ್ತಿದ್ದ ಎನ್‌ಬಿಸಿ ವಾಹಿನಿ ತೆಗೆದುಹಾಕಿದೆ. ಹಿಂದೆಯೇ ಇನ್ನೊಂದು ಸುದ್ದಿ: ಮೊದಲ ಸೀಸನ್ನಿನ ಬಳಿಕ ತಮ್ಮದೇ ಧಾರಾವಾಹಿ ಮಾಡಲು ಹೋಗಿದ್ದ ಬ್ರಯನ್ ಫುಲ್ಲರ್ ಮರಳಿ ಬರುತ್ತಾರೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ನಮ್ಮಲ್ಲೊಬ್ಬ ಟ್ರಿಪ್ ಶೀಟಿನ ಹಿಂಬದಿಯಲ್ಲಿ ‘ಫುಲ್ಲರ್ ಮಾಡಬೇಕಾದ ಬದಲಾವಣೆಗಳು’ ಎಂದು ಬರೆಯಲು ಶುರುಮಾಡಿದ. ಅಮೆರಿಕದ ವಾಹಿನಿ ನಮ್ಮ ಟ್ರಿಪ್ ಶೀಟಿಗಾಗಿಯೇ ಕಾಯುತ್ತಿದೆಯೇನೋ ಎಂಬಂಥ ಗಾಂಭೀರ್ಯ!

ಫುಲ್ಲರ್ ಮೇಲೆ ಅಷ್ಟು ನಂಬಿಕೆ ಏಕೆಂದರೆ ಮೊದಲ ಸೀಸನ್ನಿನ ಹದಿನೇಳನೆಯ ಕಂತು, ‘ಕಂಪನಿ ಮ್ಯಾನ್’, ಅವರು ಬರೆದದ್ದು. ನೆನಪಿದೆಯೇ? ಕಥೆಯ ಬಹುಪಾಲು ನಡೆಯುವುದು ಬೆನೆಟ್ ಕುಟುಂಬದ ಮನೆಯೊಳಗೆ. ಮನಸ್ಸು ಓದುವವನೊಬ್ಬ, ಮೈಯಿಂದ ವಿಕಿರಣ ಹೊಮ್ಮಿಸುವವನೊಬ್ಬ ಒಳಗೆ ನುಗ್ಗಿ ಕುಟುಂಬವನ್ನು ಒತ್ತೆಯಾಗಿ ಹಿಡಿಯುತ್ತಾರೆ. ಕೊನೆಯಲ್ಲಿ ಗೆಲ್ಲುವುದು ಯಾವ ಶಕ್ತಿಯೂ ಇಲ್ಲದ ಅಪ್ಪ. ಮಗಳು ಎಲ್ಲಿದ್ದಾಳೆಂಬುದು ತನ್ನ ಬಾಯಿಂದಲೂ ಹೊರಬೀಳಬಾರದೆಂದು ತನ್ನ ನೆನಪನ್ನೇ ಅಳಿಸಿಕೊಳ್ಳುತ್ತಾನೆ. ಇಡೀ ಧಾರಾವಾಹಿಯಲ್ಲಿ ಇದಕ್ಕಿಂತ ದೊಡ್ಡ ಸಾಹಸ ಇನ್ನೊಂದಿಲ್ಲ ಎಂಬುದು ನನ್ನ ಹಟ. ಹಾರಾಟವಿಲ್ಲ, ಸ್ಫೋಟದ ಅಬ್ಬರವೂ ಕಡಿಮೆ, ಆದರೆ ಕಳೆದುಕೊಳ್ಳುವುದು ನಿಜವಾಗಿತ್ತು.

ನಮ್ಮ ಪಟ್ಟಿಯ ಮೊದಲ ಸಾಲು ನಾವು ಬರೆದದ್ದಲ್ಲ, ಕ್ಯಾಬಿನ ಚಾಲಕರು ಬರೆಸಿದ್ದು. ಅವರು ಒಂದು ಕಂತನ್ನೂ ನೋಡಿದವರಲ್ಲ, ನಮ್ಮ ಜಗಳವನ್ನು ಮಾತ್ರ ಕೇಳುತ್ತಿದ್ದರು. ಒಂದು ದಿನ ತಡೆಯಲಾರದೆ ಕೇಳಿದರು: “ಸರ್, ಆ ಜಪಾನಿನ ಹುಡುಗನಿಗೆ ಕಾಲವನ್ನೇ ನಿಲ್ಲಿಸಲು ಬರುತ್ತದೆ ಅನ್ನುತ್ತೀರಿ. ಮತ್ತೆ ಅವನ ಕಾಗದವನ್ನು ಕಳ್ಳಿ ಹೇಗೆ ಕದ್ದಳು?” ಅವಳು ಅತಿ ವೇಗದವಳು, ಕಾಲ ನಿಂತರೂ ಓಡಬಲ್ಲಳು ಎಂದೆವು. “ಸರಿ, ಹಿಂದಿನ ದಿನಕ್ಕೆ ಹೋಗಿ ಬಚ್ಚಿಡಬಹುದಿತ್ತಲ್ಲ?” ಎಂದರು. ಬೊಮ್ಮನಹಳ್ಳಿಯವರೆಗೂ ಯಾರೂ ಮಾತಾಡಲಿಲ್ಲ.

ರೋಗದ ಮೂಲ ಅಲ್ಲಿಯೇ ಇದೆ. ಆ ಜಪಾನಿನ ಹುಡುಗ ಹೀರೋ ನಕಮುರಾ (ಹೆಸರೇ ಹೀರೋ) ಕಾಲವನ್ನು ದಾಟಬಲ್ಲ, ಪೀಟರ್ ಪೆಟ್ರೆಲ್ಲಿ ಎದುರು ಸಿಕ್ಕವರ ಶಕ್ತಿಯನ್ನೆಲ್ಲ ಹೀರಿಕೊಳ್ಳಬಲ್ಲ, ಬೆನೆಟ್ ಮನೆಯ ಮಗಳು ಕ್ಲೇರ್ ರಕ್ತದಿಂದ ಸತ್ತವರೂ ಏಳಬಲ್ಲರು. ಎರಡನೇ ಸೀಸನ್ನಿನಲ್ಲಿ ಅವಳ ಅಪ್ಪ ನೋವಾ ಬೆನೆಟ್ ಗುಂಡೇಟಿಗೆ ಸತ್ತು ಆ ರಕ್ತದಿಂದಲೇ ಎದ್ದು ಕೂರುತ್ತಾನೆ. ನೀವು ಇನ್ನೂ ಅಲ್ಲಿಗೆ ಬಂದಿಲ್ಲ, ಗುಟ್ಟು ಬಿಟ್ಟುಕೊಟ್ಟದ್ದಕ್ಕೆ ಕ್ಷಮಿಸಿ. ಇಷ್ಟು ಅನುಕೂಲಗಳಿದ್ದ ಮೇಲೆ ಬರಹಗಾರನಿಗೆ ಉಳಿಯುವ ದಾರಿ ಎರಡೇ: ಪಾತ್ರಗಳನ್ನು ಪೆದ್ದರನ್ನಾಗಿ ಮಾಡುವುದು, ಇಲ್ಲವೇ ನೆನಪು ಕಳೆಯುವುದು. ಎರಡನ್ನೂ ಮಾಡಿದರು. ಪೀಟರ್ ನೆನಪು ಕಳೆದುಕೊಂಡು ಐರ್ಲೆಂಡಿನಲ್ಲಿ ಏಳುತ್ತಾನೆ. ಹೀರೋನ ಬುದ್ಧಿ ಮೂರನೇ ಸೀಸನ್ನಿನಲ್ಲಿ ಹತ್ತು ವರ್ಷದ ಹುಡುಗನ ಬುದ್ಧಿಯಾಗುತ್ತದೆ.

ನಮ್ಮ ಪುರಾಣಗಳು ಈ ಲೆಕ್ಕದಲ್ಲಿ ಎಷ್ಟು ಬಿಗಿ ನೋಡಿ. ಕರ್ಣನಿಗೆ ಇಂದ್ರ ಕೊಟ್ಟ ಶಕ್ತ್ಯಾಯುಧ ಒಂದೇ ಸಲ ಬಳಸುವಂಥದ್ದು. ಅರ್ಜುನನಿಗೆಂದು ಕಾದಿಟ್ಟದ್ದು ಘಟೋತ್ಕಚನ ಮೇಲೆ ಖರ್ಚಾಗಿಹೋಗುತ್ತದೆ. ಅದು ಕೈಬಿಟ್ಟ ಕ್ಷಣದಿಂದ ಮುಂದಿನದೆಲ್ಲ ಬೇರೆಯೇ ಕಥೆ. ಅದನ್ನು ಪ್ರತಿದಿನ ಎಸೆಯಬಹುದಾಗಿದ್ದರೆ ಯುದ್ಧ ಹದಿನೆಂಟು ದಿನ ನಡೆಯುತ್ತಲೇ ಇರಲಿಲ್ಲ. ಹಾಗಾಗಿ ಪಟ್ಟಿಯಲ್ಲಿ ಬರೆದೆವು: ಪೀಟರನಿಗೆ ಒಂದು ಸಲಕ್ಕೆ ಒಂದೇ ಶಕ್ತಿ. ಆಶ್ಚರ್ಯವೆಂದರೆ, ಮೂರನೇ ಸೀಸನ್ನಿನ ಉತ್ತರಾರ್ಧದಲ್ಲಿ ಅದೇ ಆಯಿತು. ಅಪ್ಪ ಅವನ ಶಕ್ತಿಗಳನ್ನೆಲ್ಲ ಕಸಿದುಕೊಳ್ಳುತ್ತಾನೆ, ಮರಳಿ ಬಂದಾಗ ಹೊಸದು ಬಂದರೆ ಹಳೆಯದು ಹೋಗುತ್ತದೆ. ಪೀಟರ್ ಮತ್ತೆ ನೋಡುವಂತಾದದ್ದು ಆಗಲೇ. ಟ್ರಿಪ್ ಶೀಟ್ ತಲುಪಿತೆಂದು ನಾವು ಒಂದು ವಾರ ಬೀಗಿದೆವು.

ನಿಮ್ಮ ಎರಡನೇ ಸೀಸನ್ನಿನ ಆಕಳಿಕೆಗೆ ಸೃಷ್ಟಿಕರ್ತ ಟಿಮ್ ಕ್ರಿಂಗ್ ತಾವೇ 2007ರ ನವೆಂಬರಿನಲ್ಲಿ ಒಂದು ಸಂದರ್ಶನದಲ್ಲಿ ತಪ್ಪೊಪ್ಪಿಕೊಂಡಿದ್ದಾರೆ: ವೇಗ ಸಾಲದು, ಹೀರೋ ಹಳೆಯ ಜಪಾನಿನಲ್ಲಿ ಬಹಳ ದಿನ ಉಳಿದ, ಹೊಸ ಪಾತ್ರಗಳನ್ನು ತಂದ ರೀತಿ ಸರಿಯಿರಲಿಲ್ಲ, ಪ್ರೇಮಕಥೆಗಳು ಹೊಂದಲಿಲ್ಲ. ಅದೇ ತಿಂಗಳು ಅಮೆರಿಕದ ಬರಹಗಾರರ ಮುಷ್ಕರ ಶುರುವಾಗಿ ಫೆಬ್ರುವರಿಯವರೆಗೆ ನಡೆಯಿತು. ಹನ್ನೊಂದು ಕಂತಿಗೇ ಸೀಸನ್ ಮುಗಿಸಬೇಕಾಯಿತು. ವೈರಸ್ ಹರಡುವಂತೆ ಮೊದಲು ಯೋಚಿಸಿದ್ದ ಕೊನೆಯನ್ನು ಬಿಟ್ಟು, ಪೀಟರ್ ವೈರಸ್ಸಿನ ಸೀಸೆಯನ್ನು ಹಿಡಿದುಬಿಡುವಂತೆ ಬದಲಿಸಿದರು. ಐರ್ಲೆಂಡಿನ ಹುಡುಗಿ ಕೇಟ್ಲಿನ್ ಭವಿಷ್ಯದಲ್ಲಿ ಸಿಕ್ಕಿಬಿದ್ದವಳು ಅಲ್ಲಿಯೇ ಉಳಿದಳು. ಆಮೇಲೆ ಯಾರೂ ಅವಳ ಹೆಸರೆತ್ತಲಿಲ್ಲ. ನಮ್ಮ ಪಟ್ಟಿಯಲ್ಲಿ ‘ಕೇಟ್ಲಿನ್ ಎಲ್ಲಿ?’ ಎಂದು ಎರಡು ಸಲ ಬರೆದಿತ್ತು. ಮಗ ಕೇಳಿದರೆ ಮೊದಲೇ ಹೇಳಿಬಿಡಿ, ಕಾಯಬೇಡ ಎಂದು.

ಮೇಲೆ ಒಬ್ಬ ಮಿತ್ರರು ‘ಡೇರ್‌ಡೆವಿಲ್: ಬಾರ್ನ್ ಅಗೇನ್’ ಎಂಬ ಇನ್ನೊಂದು ಸೂಪರ್‌ಹೀರೋ ಧಾರಾವಾಹಿಯ ಉದಾಹರಣೆ ಕೊಟ್ಟಿದ್ದಾರೆ: ಬರಹಗಾರರನ್ನು ಬದಲಿಸಿದರು, ಉದ್ಧಾರವಾಯಿತು, ಇಲ್ಲೂ ಹಾಗೆಯೇ ಎಂದು. ನಾನು ಒಪ್ಪುವುದಿಲ್ಲ. ಅಲ್ಲಿ ಮುಖ್ಯ ಬರಹಗಾರರನ್ನು ಕೈಬಿಟ್ಟ ಸುದ್ದಿ 2023ರ ಅಕ್ಟೋಬರಿನಲ್ಲಿ ಬಂತು, ಮೊದಲ ಕಂತು ಜನರ ಮುಂದೆ ಬಂದದ್ದು 2025ರ ಮಾರ್ಚ್‌ನಲ್ಲಿ. ನಡುವೆ ಡೇರಿಯೊ ಸ್ಕಾರ್ಡಪೇನ್ ಬಂದು, ಹಳೆಯ ಪಾತ್ರಗಳನ್ನು ಕರೆತಂದು, ತಿದ್ದಿ ಕಟ್ಟಲು ವರ್ಷಕ್ಕೂ ಹೆಚ್ಚು ಸಮಯವಿತ್ತು. ಹೀರೋಸ್ ಪ್ರತಿ ಸೋಮವಾರ ಪ್ರಸಾರವಾಗುತ್ತಲೇ ಇತ್ತು. ಗ್ಯಾರೇಜಿಗೆ ಬಿಟ್ಟ ಬಸ್ಸಿನ ಚಕ್ರ ಬದಲಿಸುವುದಕ್ಕೂ ಹೊಸೂರು ರಸ್ತೆಯಲ್ಲಿ ಓಡುತ್ತಿರುವ ಬಸ್ಸಿನದನ್ನು ಬದಲಿಸುವುದಕ್ಕೂ ವ್ಯತ್ಯಾಸವಿದೆ. ಓಡುತ್ತಲೇ ಸುಧಾರಿಸಿದ್ದಕ್ಕೆ ಉದಾಹರಣೆ ಬೇಕಾದರೆ ಶೀಲ್ಡ್ ಎಂಬ ಗುಪ್ತಚರ ಸಂಸ್ಥೆಯ ಕಥೆಯಾದ ‘ಏಜೆಂಟ್ಸ್ ಆಫ್ ಶೀಲ್ಡ್’ ಧಾರಾವಾಹಿ ಹೆಚ್ಚು ಸೂಕ್ತ. 2014ರ ಏಪ್ರಿಲ್‌ನಲ್ಲಿ ತಂಡದವನೇ ದ್ರೋಹಿಯೆಂದು ತೋರಿಸಿ, ತಾವು ಕಟ್ಟಿದ್ದ ಸಂಸ್ಥೆಯನ್ನೇ ಕೆಡವಿದರು. ಕೆಡವುವ ಧೈರ್ಯವಿತ್ತು, ಅದಕ್ಕೇ ಎದ್ದು ನಿಂತಿತು.

ಹೀರೋಸ್‌ಗೆ ಆ ಧೈರ್ಯ ಬರಲಿಲ್ಲ. ಇದರಲ್ಲಿ ನಮ್ಮ ಪಾಲೂ ಇದೆ ಎಂದು ಈಗ ಅನ್ನಿಸುತ್ತದೆ. ಕ್ರಿಂಗ್ ಮೊದಲು ಯೋಚಿಸಿದ್ದು ಪ್ರತಿ ಸೀಸನ್ನಿಗೂ ಹೊಸ ಪಾತ್ರಗಳೆಂದು. ಬೇರೆಯವರ ತಲೆ ಸೀಳಿ ಶಕ್ತಿ ಕದಿಯುವ ಕೊಲೆಗಾರ ಸೈಲರ್ ಮೊದಲ ಸೀಸನ್ನಿನ ಕೊನೆಯಲ್ಲಿ, ಎದೆಗೆ ಕತ್ತಿ ಇಳಿದಾಗಲೇ ಸತ್ತಿದ್ದರೆ ಇಂದಿಗೂ ಕಿರುತೆರೆಯ ದೊಡ್ಡ ಖಳನಾಗಿ ಉಳಿಯುತ್ತಿದ್ದ. ಆದರೆ ಜನರಿಗೆ ಅವನು ಬೇಕಾಗಿದ್ದ. ಟ್ರಿಪ್ ಶೀಟಿನ ಐದನೇ ಸಾಲು ನನ್ನ ಕೈಬರಹದ್ದೇ: ‘ಸೈಲರನನ್ನು ಯಾವ ಕಾರಣಕ್ಕೂ ಕೊಲ್ಲಬಾರದು’. ಕೊಲ್ಲಲಿಲ್ಲ. ಒಳ್ಳೆಯವನಾದ, ಕೆಟ್ಟವನಾದ, ಪೆಟ್ರೆಲ್ಲಿಗಳ ಮಗನಾದ, ಅದು ಸುಳ್ಳಾಯಿತು, ಕೊನೆಗೆ ಇನ್ನೊಬ್ಬನ ರೂಪ ಹೊತ್ತು ತಾನು ಯಾರೆಂಬುದನ್ನೇ ಮರೆತ. ನಮ್ಮ ಮೊಹಿಂದರ್ ಸುರೇಶನದು ಇನ್ನೂ ಕಷ್ಟ. ಮದ್ರಾಸಿನ ಪ್ರಾಧ್ಯಾಪಕ, ಅಪ್ಪನ ಸಾವಿನ ಜಾಡು ಹಿಡಿದು ನ್ಯೂಯಾರ್ಕಿನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ ಮರ್ಯಾದಸ್ಥ, ಮೂರನೇ ಸೀಸನ್ನಿನಲ್ಲಿ ತನಗೆ ತಾನೇ ಸೂಜಿ ಚುಚ್ಚಿಕೊಂಡು ಮೈಮೇಲೆ ಹುರುಪೆಯೆದ್ದ ಹುಳುವಿನಂತಾಗುತ್ತಾನೆ. ನಾಲ್ವರೂ ಒಕ್ಕೊರಲಿನಿಂದ ಖಂಡಿಸಿದ ಏಕೈಕ ವಿಷಯ ಅದು.

ಈಗ ನೀವು ಮಾಡಬೇಕಾದದ್ದು. ಎರಡನೇ ಸೀಸನ್ನಿನಲ್ಲಿ ಜಪಾನಿನ ದೃಶ್ಯಗಳನ್ನು ಓಡಿಸಿಕೊಂಡು ಹೋಗಿ. ಏಳನೇ ಕಂತಿನಲ್ಲಿ ಹೀರೋ ಮರಳುತ್ತಾನೆ. ಎಂಟನೆಯದು ನಾಲ್ಕು ತಿಂಗಳ ಹಿಂದಿನದನ್ನೆಲ್ಲ ಬಿಡಿಸಿ ಹೇಳುತ್ತದೆ, ಅದರಿಂದ ಕೊನೆಯವರೆಗೆ ಬಿಡದೆ ನೋಡಿ. ಮೂರನೇ ಸೀಸನ್ನಿನ ಮೊದಲ ಹದಿಮೂರರಲ್ಲಿ ಮೊದಲ ಎರಡು, ಕೊನೆಯ ಎರಡು ಸಾಕು. ನಡುವಿನದ್ದನ್ನು ನೀವೇ ಊಹಿಸಿಕೊಂಡರೆ ಅವರಿಗಿಂತ ಚೆನ್ನಾಗಿ ಊಹಿಸುತ್ತೀರಿ. ಹದಿನಾಲ್ಕರಿಂದ ಕಥೆ ಮತ್ತೆ ನೆಲಕ್ಕಿಳಿಯುತ್ತದೆ: ಸರ್ಕಾರವೇ ಇವರನ್ನು ಬೇಟೆಯಾಡುತ್ತದೆ, ಎಲ್ಲರೂ ಓಡುತ್ತಾರೆ. ಇಪ್ಪತ್ತನೆಯದು, ‘ಕೋಲ್ಡ್ ಸ್ನ್ಯಾಪ್’, ಮರಳಿ ಬಂದ ಫುಲ್ಲರ್ ಬರೆದದ್ದು. ಇಲ್ಲಿ ಒಂದು ಸಾವಿದೆ, ಅದಕ್ಕೆ ಬೆಲೆಯೂ ಇದೆ. ಇಪ್ಪತ್ತೈದಕ್ಕೆ ನಿಲ್ಲಿಸಬಹುದು. ಫುಲ್ಲರ್ ನಾಲ್ಕನೇ ಸೀಸನ್ನಿಗೆ ಉಳಿಯಲಿಲ್ಲ; ಅದರ ಜಾತ್ರೆಯ ತಂಡ ಮತ್ತು ಅದರ ಯಜಮಾನನ ಪಾತ್ರದ ರಾಬರ್ಟ್ ನೆಪ್ಪರ್ ಅಭಿನಯ ಮಾತ್ರ ನನಗೆ ಹಿಡಿಸಿತು. 2010ರ ಫೆಬ್ರುವರಿಯಲ್ಲಿ ಎಲ್ಲ ಮುಗಿಯಿತು. 2015ರ ‘ಹೀರೋಸ್ ರೀಬಾರ್ನ್’ ಹದಿಮೂರು ಕಂತು, ಅದರ ಗೊಡವೆಗೆ ಹೋಗಬೇಡಿ.

ಸೈಲರ್ ತಲೆಬುರುಡೆ ಕತ್ತರಿಸುವ ದೃಶ್ಯಗಳು ಮುಂದೆಯೂ ಬರುತ್ತವೆ. ಮೂರನೆಯದರ ಮೊದಲ ಕಂತಿನಲ್ಲಿ ಕ್ಲೇರ್ ಜೊತೆಗಿನದ್ದು ಜೋರಾಗಿದೆ, ಅದನ್ನು ನೀವು ಮೊದಲು ನೋಡಿ, ಆಮೇಲೆ ಮಗನಿಗೆ ತೋರಿಸಬೇಕೇ ಎಂದು ನಿರ್ಧರಿಸಿ. ಮತ್ತೆ, ಮೊದಲ ಸೀಸನ್ನಿನ ಕೊನೆಯಲ್ಲಿ ಹಾರಲು ಬರುವ ಪೀಟರ್ ತಾನೇ ಹಾರಿಹೋಗದೆ ಅಣ್ಣ ಬಂದು ಎತ್ತಿಕೊಂಡು ಹೋಗುವವರೆಗೆ ಏಕೆ ಕಾದ ಎಂದು ಮಗ ಕೇಳಿದರೆ, ದಯವಿಟ್ಟು ಇಲ್ಲಿ ಬಂದು ಕೇಳಬೇಡಿ. ಆ ಕ್ಯಾಬಿನ ಗೆಳೆಯರಲ್ಲಿ ಇಬ್ಬರು ಇದೇ ಗುಂಪಿನಲ್ಲಿದ್ದಾರೆ.